ಚಿಲಿಯ ಜಲಪಾತಗಳಲ್ಲಿ ಕಯಾಕ್ ಇಳಿಸುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಬಿಳಿನೀರಿನ, ಅಂದರೆ ನೊರೆಯೆದ್ದು ರಭಸವಾಗಿ ಹರಿಯುವ, ಹೊಳೆಗಳಲ್ಲಿ ಕಯಾಕ್ ನಡೆಸಿ ಹಲವು ವರ್ಷ ಪಳಗಿದವರೂ ಜಲಪಾತದ ಮುಂದೆ ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾರೆ. ಮೇಲಿನ ಅಂಚಿನಲ್ಲಿ ನಿಂತು ಕೆಳಗೆ ಇಣುಕುತ್ತಾರೆ, ಇಳಿಯುವ ದಾರಿಯನ್ನು ಅಲ್ಲಿಯೇ ನಿರ್ಧರಿಸುತ್ತಾರೆ, ಹಗ್ಗ ಹಿಡಿಯುವವರು ಎಲ್ಲಿ ನಿಲ್ಲಬೇಕೆಂಬುದನ್ನು ಎಲ್ಲಕ್ಕಿಂತ ಕೊನೆಗೆ ಯೋಚಿಸುತ್ತಾರೆ. ಈ ಕ್ರಮವೇ ತಲೆಕೆಳಗಾದದ್ದು. ಮೊದಲು ಕೆಳಗಿನ ಮಡು, ಅದರ ನಂತರ ರಕ್ಷಣೆಯ ಜಾಗ, ಆಮೇಲೆ ಅಂಚು, ಕಟ್ಟಕಡೆಗೆ ಅಂಚಿಗೆ ತಲುಪಿಸುವ ಹರಿವು, ಹೀಗೆ ಕೆಳಗಿನಿಂದ ಮೇಲಕ್ಕೆ ನೋಡುತ್ತ ಬರಬೇಕು. ದಕ್ಷಿಣ ಚಿಲಿಯ ಪುಕೋನ್ ಸುತ್ತಲಿನ ಹೊಳೆಗಳಿಗೆ ಮೊದಲ ಬಾರಿ ಹೋಗುವವರಿಗಾಗಿ ಈ ಬರಹವಿದೆ. ಕಯಾಕ್ ನಡೆಸಲು ಈಗಷ್ಟೇ ಕಲಿಯುತ್ತಿರುವವರಿಗೆ ಇದು ಉಪಯೋಗಕ್ಕೆ ಬಾರದು.

## ಹಂತ 1: ಹೊರಡುವ ಮೊದಲು ನಿಮ್ಮ ಮಟ್ಟವನ್ನು ಅಳೆಯಿರಿ

ಹೊಳೆಗಳ ಕಠಿಣತೆಯನ್ನು ಅಂತಾರಾಷ್ಟ್ರೀಯವಾಗಿ 1ರಿಂದ 6ರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. ನಾಲ್ಕನೇ ದರ್ಜೆಯ ಹೊಳೆಯಲ್ಲಿ ಬೇಕೆಂದ ಎಡ್ಡಿಯನ್ನು, ಅಂದರೆ ಬಂಡೆಯ ಹಿಂದೆ ಹರಿವು ತಿರುಗಿ ನಿಲ್ಲುವ ನೀರನ್ನು, ಪ್ರತಿ ಸಲವೂ ತಪ್ಪದೆ ಹಿಡಿಯಬಲ್ಲಿರಾದರೆ ಮಾತ್ರ ಜಲಪಾತದ ಯೋಚನೆ ಮಾಡಿ. ಮಗುಚಿದ ದೋಣಿಯನ್ನು ಎಡಬಲ ಎರಡೂ ಬದಿಯಿಂದ, ನೊರೆನೀರಿನ ನಡುವೆ, ಉಸಿರು ಕಟ್ಟಿದ ಸ್ಥಿತಿಯಲ್ಲಿ ಎತ್ತಿ ನಿಲ್ಲಿಸಲು ಬರಬೇಕು. ಹೀಗೆ ಎತ್ತಿ ನಿಲ್ಲಿಸುವುದಕ್ಕೆ ರೋಲ್ ಎನ್ನುತ್ತಾರೆ. ತಿಳಿನೀರಿನ ಕೊಳದಲ್ಲಿ ರೋಲ್ ಆಗುತ್ತದೆ ಎಂಬುದನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬಾರದು.

ಎತ್ತರವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿಕೊಳ್ಳಬೇಕು. 2 ಮೀಟರಿನ ಧುಮುಕುಗಳಲ್ಲಿ ದೋಣಿಯ ಮೂತಿ ನೀವು ಬಯಸಿದ ಕೋನದಲ್ಲೇ ಪ್ರತಿ ಸಲ ಇಳಿದರೆ 4 ಮೀಟರಿಗೆ ಹೋಗಿ, ಅಲ್ಲಿಯೂ ಅದೇ ಫಲ ಸಿಕ್ಕರೆ 6ಕ್ಕೆ ಹೋಗಿ. ಇಲ್ಲಿ ಅಳೆಯಬೇಕಾದದ್ದು ಬದುಕಿ ಬಂದೆನೇ ಎಂಬುದನ್ನಲ್ಲ, ಅಂದುಕೊಂಡಂತೆಯೇ ಇಳಿದೆನೇ ಎಂಬುದನ್ನು. ಅದೃಷ್ಟದಿಂದ ಸರಿಯಾದ ಇಳಿತವನ್ನೂ ಸೋಲೆಂದೇ ಬರೆದುಕೊಳ್ಳಿ.

ಇದರ ಜೊತೆಗೆ ವೇಗದ ನೀರಿನಲ್ಲಿ ರಕ್ಷಣೆ ಮಾಡುವ ತರಬೇತಿಯನ್ನು ತಂಡದ ಪ್ರತಿಯೊಬ್ಬರೂ ಪಡೆದಿರಬೇಕು. ನಾಲ್ವರ ತಂಡದಲ್ಲಿ ಒಬ್ಬರಿಗೆ ಮಾತ್ರ ಹಗ್ಗದ ಕೆಲಸ ಗೊತ್ತಿದ್ದು, ಆ ಒಬ್ಬರೇ ಮಡುವಿನಲ್ಲಿ ಸಿಕ್ಕಿಕೊಂಡರೆ ಉಳಿದ ಮೂವರು ಬರಿಯ ಪ್ರೇಕ್ಷಕರಾಗುತ್ತಾರೆ.

## ಹಂತ 2: ಹೊಳೆ ಮತ್ತು ಕಾಲವನ್ನು ಆರಿಸಿಕೊಳ್ಳಿ

ಪುಕೋನ್ ಪಟ್ಟಣವು ಅರೌಕಾನಿಯಾ ಪ್ರಾಂತದಲ್ಲಿ, ವಿಯ್ಯಾರಿಕಾ ಸರೋವರದ ದಡದಲ್ಲಿ, ಅದೇ ಹೆಸರಿನ ಅಗ್ನಿಪರ್ವತದ ಬುಡದಲ್ಲಿದೆ. ಅಲ್ಲಿಂದ ಪೂರ್ವಕ್ಕೆ ಅರ್ಜೆಂಟೀನಾ ಗಡಿಯತ್ತ ಸಾಗುವ 199ನೇ ಹೆದ್ದಾರಿಯ ಕಡೆಗೆ ಪಾಲ್ಗಿನ್ ಹೊಳೆ ಸಿಗುತ್ತದೆ. ಗಟ್ಟಿಯಾದ ಲಾವಾಶಿಲೆಯನ್ನು ಕೊರೆದುಕೊಂಡು ಹರಿಯುವುದರಿಂದ ಅದರಲ್ಲಿ ಧುಮುಕು, ಮಡು, ಮತ್ತೆ ಧುಮುಕು ಎಂಬ ಸರಣಿ ಉಂಟಾಗಿದೆ. ದಕ್ಷಿಣಕ್ಕೆ ಲೋಸ್ ರಿಯೋಸ್ ಪ್ರಾಂತದಲ್ಲಿರುವ ಫೂಯಿ ಹೊಳೆ ಪಿರಿವೆಯ್ಕೊ ಸರೋವರದಿಂದ ಹುಟ್ಟುತ್ತದೆ. ಸರೋವರ ಕೊಡುವ ನೀರಾದ್ದರಿಂದ ಮಳೆ ಬಿದ್ದ ಕೂಡಲೇ ಅದು ಉಕ್ಕುವುದಿಲ್ಲ, ಮಳೆ ನಿಂತ ಕೂಡಲೇ ಬತ್ತುವುದೂ ಇಲ್ಲ.

ಭೂಮಧ್ಯರೇಖೆಯ ದಕ್ಷಿಣಕ್ಕಿರುವ ಈ ನಾಡಿನಲ್ಲಿ ವಸಂತವು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಇರುತ್ತದೆ. ಮಳೆಯ ಜೊತೆಗೆ ಕರಗಿದ ಹಿಮವೂ ಹೊಳೆಗೆ ಸೇರುವ ಅಕ್ಟೋಬರ್ ಮತ್ತು ನವೆಂಬರ್‌ಗಳಲ್ಲಿ ಚಿಕ್ಕ ಹೊಳೆಗಳಿಗೂ ಸಾಕಷ್ಟು ನೀರಿರುತ್ತದೆ. ಹಿಮ ಕರಗುವ ದಿನಗಳಲ್ಲಿ ಬೆಳಿಗ್ಗೆ ನೋಡಿದ ಮಟ್ಟ ಮಧ್ಯಾಹ್ನದ ಹೊತ್ತಿಗೆ ಏರಿರುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಬೆಳಿಗ್ಗೆ ಎಂಟಕ್ಕೆ ಪರಿಶೀಲಿಸಿದ ಜಲಪಾತವನ್ನು ಮೂರು ಗಂಟೆಗೆ ಇಳಿಯುವುದಾದರೆ ಅದು ಬೇರೆಯೇ ಜಲಪಾತವೆಂದು ತಿಳಿದು ಮತ್ತೊಮ್ಮೆ ಪರಿಶೀಲಿಸಬೇಕು. ದೊಡ್ಡ ಹೊಳೆಗಳ ಹರಿವಿನ ಅಂಕಿಗಳನ್ನು ಚಿಲಿಯ ಜಲ ನಿರ್ದೇಶನಾಲಯ ಪ್ರಕಟಿಸುತ್ತದೆ. ಚಿಕ್ಕ ಹೊಳೆಗಳಿಗೆ ಮಾತ್ರ ಇಳಿಯುವ ಜಾಗದಲ್ಲಿನ ಒಂದು ಬಂಡೆಯನ್ನು ಗುರುತಿಟ್ಟುಕೊಂಡು, ನೀರು ಅದರ ಯಾವ ಭಾಗವನ್ನು ಮುಟ್ಟುತ್ತಿದೆ ಎಂದು ದಿನವೂ ನೋಡುವುದೇ ನಂಬಬಹುದಾದ ಅಳತೆ.

## ಹಂತ 3: ಕಾಗದಪತ್ರ, ವಿಮೆ, ಸಾಗಣೆ

ವಿಮೆಯ ಕರಾರನ್ನು ಸಣ್ಣ ಅಕ್ಷರದವರೆಗೂ ಓದಿ. ಸಾಹಸಕ್ರೀಡೆ ಸೇರಿದೆ ಎಂದು ಮೇಲೆ ಬರೆದಿರುವ ಎಷ್ಟೋ ಪಾಲಿಸಿಗಳು ಒಳಗಿನ ಪುಟದಲ್ಲಿ ನಾಲ್ಕನೇ ದರ್ಜೆಗಿಂತ ಮೇಲಿನ ಹೊಳೆಗಳನ್ನು ಹೊರಗಿಡುತ್ತವೆ. ಜಲಪಾತ ಇಳಿಯುವುದು ಸೇರಿದೆಯೇ, ಕಮರಿಯಿಂದ ಹೆಲಿಕಾಪ್ಟರಿನಲ್ಲಿ ಎತ್ತುವ ವೆಚ್ಚ ಸೇರಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆದಿಟ್ಟುಕೊಳ್ಳಿ.

ಎರಡೂವರೆ ಮೀಟರಿಗೂ ಉದ್ದದ, ಇಪ್ಪತ್ತು ಕಿಲೋ ತೂಗುವ ದೋಣಿಯನ್ನು ಎಲ್ಲ ವಿಮಾನ ಸಂಸ್ಥೆಗಳೂ ಒಯ್ಯುವುದಿಲ್ಲ. ಒಯ್ಯುವವರೂ ಕೌಂಟರಿನಲ್ಲಿ ಮನಸ್ಸು ಬದಲಿಸುವುದುಂಟು. ದೋಣಿಯನ್ನು ಪುಕೋನ್‌ನಲ್ಲೇ ಬಾಡಿಗೆಗೆ ಪಡೆದು, ಮೈಮೇಲೆ ಧರಿಸುವ ಸಾಮಗ್ರಿಯನ್ನೆಲ್ಲ ಮನೆಯಿಂದ ತರುವುದು ನನ್ನ ಸಲಹೆ. ಹೆಲ್ಮೆಟ್, ತೇಲುಜಾಕೆಟ್, ಸ್ಪ್ರೇಸ್ಕರ್ಟ್ (ಒಳಗೆ ನೀರು ನುಗ್ಗದಂತೆ ಸೊಂಟಕ್ಕೆ ಕಟ್ಟಿಕೊಂಡು ದೋಣಿಯ ಬಾಯಿಯನ್ನು ಮುಚ್ಚುವ ಹೊದಿಕೆ) ಇವು ಬಾಡಿಗೆಯವಾಗಿದ್ದರೆ ನಿಮ್ಮ ಅಳತೆಗೆ ಸರಿಯಾಗಿ ಕೂರುವುದು ಅಪರೂಪ.

ಚಿಲಿಯನ್ನು ಪ್ರವೇಶಿಸುವಾಗ ಸಸ್ಯ ಮತ್ತು ಪ್ರಾಣಿ ಮೂಲದ ವಸ್ತುಗಳ ಬಗ್ಗೆ ಘೋಷಣೆ ಸಲ್ಲಿಸಬೇಕು, ತಪಾಸಣೆಯೂ ಕಟ್ಟುನಿಟ್ಟು. ಡಿಡಿಮೊ ಎಂಬ ಆಕ್ರಮಣಕಾರಿ ಪಾಚಿಯು ದಕ್ಷಿಣದ ಹಲವು ಹೊಳೆಗಳಿಗೆ ಹಬ್ಬಿರುವುದರಿಂದ ಒದ್ದೆಯಾದ ಅಥವಾ ಮಣ್ಣು ಮೆತ್ತಿದ ಸಾಮಗ್ರಿಯನ್ನು ತರಲೇಬಾರದು.

ಸ್ಯಾಂಟಿಯಾಗೊದಿಂದ ಪುಕೋನ್‌ಗೆ ರಾತ್ರಿಯಿಡೀ ಬಸ್ಸಿನ ಪ್ರಯಾಣ. ಬಂದಿಳಿದ ದಿನ ನೀರಿಗಿಳಿಯುವ ಯೋಜನೆ ಹಾಕಬೇಡಿ.

## ಹಂತ 4: ಸಾಮಗ್ರಿಯನ್ನು ಜಲಪಾತಕ್ಕೆಂದೇ ಸಿದ್ಧಪಡಿಸಿ

ದೋಣಿ ಕ್ರೀಕ್ ಬೋಟ್ ಮಾದರಿಯದಾಗಿರಬೇಕು, ಅಂದರೆ ಗಾತ್ರದಲ್ಲಿ ದೊಡ್ಡದು, ಮೂತಿ ಮೇಲಕ್ಕೆ ಬಾಗಿದ್ದು, ಮುಳುಗಿದರೂ ಬೇಗ ಮೇಲೇಳುವಂಥದ್ದು. ಬಾಡಿಗೆಗೆ ತೆಗೆದುಕೊಳ್ಳುವಾಗ ದೋಣಿಯನ್ನು ಮಗುಚಿ ತಳವನ್ನು ಬೆರಳಿನಿಂದ ಸವರಿ ನೋಡಿ. ಆಸನದ ಕೆಳಗೆ ಕೂದಲೆಳೆಯಷ್ಟು ಬಿರುಕು ಕಂಡರೂ ಅದು ಬೇಡ. ಒಳಗೆ ಕಾಲಿಡುವ ಫಲಕದ ಮೇಲೆ ದಪ್ಪ ಫೋಮ್ ಇರಬೇಕು. ಫೋಮ್ ಇಲ್ಲದ ಗಟ್ಟಿ ಫಲಕದ ಮೇಲೆ ಇಳಿತದ ಪೆಟ್ಟು ನೇರವಾಗಿ ಹಿಮ್ಮಡಿಗೂ ಕಣಕಾಲಿಗೂ ತಗಲುತ್ತದೆ. ಬೆನ್ನಾನಿಕೆಯನ್ನು ಬಿಗಿಗೊಳಿಸಿ, ಮುಂದಕ್ಕೆ ಬಾಗಿದಾಗ ಸೊಂಟ ಜಾರುವುದೇ ಎಂದು ನೆಲದ ಮೇಲೆಯೇ ಹತ್ತು ಬಾರಿ ಪರೀಕ್ಷಿಸಿ.

ಸ್ಪ್ರೇಸ್ಕರ್ಟ್ ಬಗ್ಗೆ ಹೆಚ್ಚು ಎಚ್ಚರ ಬೇಕು. ಎತ್ತರದಿಂದ ಬಿದ್ದಾಗ ನೀರಿನ ಒತ್ತಡಕ್ಕೆ ಅದು ಒಳಮುಖವಾಗಿ ಕುಸಿದರೆ ದೋಣಿ ಕ್ಷಣದಲ್ಲಿ ತುಂಬಿಕೊಳ್ಳುತ್ತದೆ, ತುಂಬಿದ ದೋಣಿಯನ್ನು ರೋಲ್ ಮಾಡಿ ಎತ್ತಲಾಗದು. ಬಿಗಿಯಾದ ರಬ್ಬರ್ ಅಂಚು ಮತ್ತು ನಡುವೆ ಆಧಾರಪಟ್ಟಿ ಇರುವ ಸ್ಕರ್ಟನ್ನೇ ತನ್ನಿ. ಅದನ್ನು ತೆಗೆಯುವ ಎಳೆಪಟ್ಟಿ ಹೊರಗೆ ಕಾಣುತ್ತಿರಬೇಕು. ದಂಡೆಯಿಂದ ಹೊರಡುವ ಮುನ್ನ ಅದನ್ನು ಕೈಯಿಂದ ಮುಟ್ಟಿ ಖಚಿತಪಡಿಸಿಕೊಳ್ಳುವುದು ಅಭ್ಯಾಸವಾಗಲಿ.

ಉಳಿದವು ಇವು: ಮುಖವನ್ನೂ ಮುಚ್ಚುವ ಹೆಲ್ಮೆಟ್, ಮೊಣಕೈ ರಕ್ಷಾಕವಚ, ಕಿವಿಗೆ ಪ್ಲಗ್, ತಕ್ಷಣ ಬಿಡಿಸಿಕೊಳ್ಳಬಹುದಾದ ಪಟ್ಟಿಯಿರುವ ರಕ್ಷಣಾ ತೇಲುಜಾಕೆಟ್, ಸೀಟಿ, ಚಾಕು, ಪ್ರತಿಯೊಬ್ಬರ ಬಳಿಯೂ 20 ಮೀಟರ್ ಆಸುಪಾಸಿನ ಎಸೆಯುವ ಹಗ್ಗದ ಚೀಲ. ತಂಡಕ್ಕೆ ಒಂದರಂತೆ ಬಿಚ್ಚಿ ಜೋಡಿಸುವ ಹುಟ್ಟು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ಉಪಗ್ರಹ ಸಂದೇಶ ಸಾಧನ ಇರಲಿ. ಸಿಕ್ಕಿಬಿದ್ದ ದೋಣಿಯನ್ನು ಎಳೆಯಲು ರಾಟೆ, ಕ್ಯಾರಬೈನರ್ (ಹಗ್ಗ ಸಿಕ್ಕಿಸುವ ಲೋಹದ ಕೊಂಡಿ), ಪ್ರುಸಿಕ್ ಕುಣಿಕೆಗಳು (ಎಳೆದಾಗ ದೊಡ್ಡ ಹಗ್ಗವನ್ನು ಬಿಗಿಹಿಡಿಯುವ ಸಣ್ಣ ಹಗ್ಗದ ಕುಣಿಕೆಗಳು) ಬೇಕು. ಲಾವಾಶಿಲೆಯ ಕಮರಿಗಳಲ್ಲಿ ಮೊಬೈಲ್ ಸಂಕೇತವನ್ನು ನಂಬುವಂತಿಲ್ಲ.

## ಹಂತ 5: ಮೊದಲ ಎರಡು ದಿನ ಜಲಪಾತವನ್ನು ಮುಟ್ಟಬೇಡಿ

ಬಾಡಿಗೆಯ ದೋಣಿ ನಿಮಗೆ ಹೊಸದು, ನೀರಿನ ತಂಪು ಹೊಸದು, ಬಹುಶಃ ತಂಡವೂ ಹೊಸದು. ಈ ಮೂರನ್ನೂ ಒಟ್ಟಿಗೆ ಜಲಪಾತದ ಅಂಚಿಗೆ ಒಯ್ಯುವುದು ಮೂರ್ಖತನ. ಪುಕೋನ್ ಪಕ್ಕದ ತ್ರಾಂಕುರಾ ಹೊಳೆಯ ಕೆಳಭಾಗದಂಥ ಸುಲಭದ ನೀರಿನಲ್ಲಿ ಒಂದು ದಿನ ರೋಲ್, ಎಡ್ಡಿ ಮತ್ತು ಹಗ್ಗ ಎಸೆತವನ್ನು ಅಭ್ಯಾಸ ಮಾಡಿ. ಎರಡನೆಯ ದಿನ ಸಣ್ಣ ಧುಮುಕುಗಳಲ್ಲಿ ಹೊಸ ದೋಣಿಯ ಮೂತಿ ಎಷ್ಟು ಬೇಗ ಕೆಳಗೆ ಬಾಗುತ್ತದೆ ಎಂಬುದನ್ನು ತಿಳಿದುಕೊಳ್ಳಿ.

ಸಂಕೇತಗಳನ್ನು ಬಾಯಲ್ಲಿ ಹೇಳಿಕೊಂಡರೆ ಸಾಲದು, ಒಬ್ಬರು ಮಾಡಿ ತೋರಿಸಬೇಕು, ಉಳಿದವರು ಅರ್ಥ ಹೇಳಬೇಕು. ಹುಟ್ಟನ್ನು ನೆಟ್ಟಗೆ ಎತ್ತಿ ಹಿಡಿದರೆ ಬರಬಹುದು. ತಲೆಯ ಮೇಲೆ ಅಡ್ಡಲಾಗಿ ಹಿಡಿದರೆ ನಿಲ್ಲಬೇಕು. ಓರೆಯಾಗಿ ಹಿಡಿದರೆ ಅದು ವಾಲಿದ ಬದಿಯಿಂದ ಹೋಗಬೇಕು. ಸೀಟಿಯ ಮೂರು ದೀರ್ಘ ಊದು ಅಪಾಯದ ಸೂಚನೆ. ಅಪಾಯವಿರುವ ಕಡೆಗೆ ಕೈ ತೋರಿಸಲೇಬಾರದು, ಯಾವಾಗಲೂ ಹೋಗಬೇಕಾದ ದಾರಿಯ ಕಡೆಗೇ ತೋರಿಸಬೇಕು. ಜಲಪಾತದ ಸದ್ದಿನಲ್ಲಿ ಮಾತು ಕೇಳಿಸದೆ ಇರುವಾಗ ಈ ಒಂದು ನಿಯಮದ ಗೊಂದಲ ಸಾಕು, ದೋಣಿ ನೇರ ಬಂಡೆಗೆ ಹೋಗಲು.

## ಹಂತ 6: ಜಲಪಾತವನ್ನು ಕೆಳಗಿನಿಂದ ಮೇಲಕ್ಕೆ ಪರಿಶೀಲಿಸಿ

ದೋಣಿಯನ್ನು ಅಂಚಿಗಿಂತ ಬಹಳ ಮೇಲೆಯೇ ದಂಡೆಗೆ ಕಟ್ಟಿ ನಡೆದು ಇಳಿಯಿರಿ. ಚಿಲಿಯಲ್ಲಿ ಹೊಳೆಯ ನೀರು ಸಾರ್ವಜನಿಕ ಸ್ವತ್ತಾದರೂ ದಂಡೆಯ ಜಮೀನು ಹೆಚ್ಚಿನ ಕಡೆ ಖಾಸಗಿಯದು. ಅನುಮತಿ ಕೇಳಿ, ಶುಲ್ಕವಿದ್ದರೆ ಕೊಡಿ, ನೀವು ತೆರೆದ ಗೇಟನ್ನು ಮತ್ತೆ ಮುಚ್ಚಿ.

ಮಡು. ಮಡುವಿನ ಬಳಿ ಕನಿಷ್ಠ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಬಿದ್ದ ನೀರು ಕುದಿಯುವಂತೆ ಉಬ್ಬಿ ಮೇಲೆ ಬರುವ ಒಂದು ರೇಖೆ ಕಾಣುತ್ತದೆ. ಆ ರೇಖೆಯ ಆಚೆಗಿನ ನೀರು ಕೆಳಹೊಳೆಗೆ ಹರಿಯುತ್ತದೆ, ಈಚೆಗಿನದು ಜಲಪಾತದ ಪರದೆಯ ಕಡೆಗೇ ಮರಳುತ್ತದೆ. ಪರದೆಯಿಂದ ಈ ರೇಖೆ ದೂರವಿದ್ದಷ್ಟೂ ಹಿಂದಕ್ಕೆಳೆಯುವ ಸೆಳೆತ ಬಲವಾಗಿರುತ್ತದೆ. ಈಗ ಒಣಗಿದ ದಪ್ಪ ಕೋಲೊಂದನ್ನು ಮೇಲಿನಿಂದ ತೇಲಿಬಿಡಲು ಗೆಳೆಯರಿಗೆ ಹೇಳಿ. ಕೋಲು ಬೀಳುತ್ತದೆ, ಕಾಣೆಯಾಗುತ್ತದೆ, ನೊರೆಯ ನಡುವೆ ತಲೆ ಎತ್ತುತ್ತದೆ. ಅದು ಅಲ್ಲಿಂದ ಕೆಳಕ್ಕೆ ಸಾಗಿತೋ, ಪರದೆಯತ್ತ ಮರಳಿ ಮತ್ತೆ ಹೂತುಹೋಯಿತೋ ನೋಡಿ. ಒಂದು ಕೋಲು ಸಾಲದು, ಅಂಚಿನ ಎಡ, ನಡು, ಬಲದಿಂದ ಬೇರೆ ಬೇರೆಯಾಗಿ ಬಿಡಬೇಕು. ಒಂದು ಸಲ ನಾವು ಬಿಟ್ಟ ಐದರಲ್ಲಿ ಎರಡು ಕೋಲುಗಳು ಪರದೆಯ ಎಡಗಡೆಯ ಪೊಟರೆಗೆ ಹೋಗಿ, ನಾವು ಊಟ ಮುಗಿಸುವವರೆಗೂ ಅಲ್ಲೇ ಸುತ್ತುತ್ತಿದ್ದವು. ಅಂದು ಎಲ್ಲರೂ ದೋಣಿ ಹೊತ್ತುಕೊಂಡು ನಡೆದೇ ಇಳಿದೆವು.

ಆಳ. ಹಗ್ಗದ ತುದಿಗೆ ಕಲ್ಲು ಕಟ್ಟಿ ಮಡುವಿಗೆ ಬಿಟ್ಟು ಆಳ ನೋಡಬಹುದು, ಆದರೆ ನಿಮ್ಮ ದೋಣಿ ಬೀಳುವ ಜಾಗಕ್ಕೇ ಅದು ತಲುಪುವುದು ಕಷ್ಟ. ಅದೇ ಮಟ್ಟದ ನೀರಿನಲ್ಲಿ ಮೊದಲೇ ಇಳಿದವರ ಮಾತು ಇಲ್ಲಿ ಹೆಚ್ಚು ಬೆಲೆಬಾಳುತ್ತದೆ. ಆಳ ಗೊತ್ತಿಲ್ಲದ ಮಡುವಿಗೆ ಮೂತಿ ಕೆಳಗಾಗಿ ಇಳಿಯಬಾರದು. ಪ್ರವಾಹ ಬಂದು ಹೋದ ನಂತರ ಕಳೆದ ವರ್ಷದ ಮಾತನ್ನೂ ನಂಬಬಾರದು, ಮರದ ದಿಮ್ಮಿಯೊಂದು ಮಡುವಿನೊಳಗೆ ಕೂತಿರಬಹುದು.

ಎತ್ತರ. ಕಣ್ಣಂದಾಜು ಬೇಡ. ಅಂಚಿನಿಂದ ಕಲ್ಲು ಬಿಟ್ಟು ಸಮಯ ಅಳೆಯಿರಿ: ಒಂದು ಸೆಕೆಂಡಿಗೆ ಸುಮಾರು 5 ಮೀಟರ್, 1.4 ಸೆಕೆಂಡಿಗೆ 10, ಎರಡು ಸೆಕೆಂಡಿಗೆ ಸುಮಾರು 20. ಹತ್ತು ಮೀಟರಿನಿಂದ ಬಿದ್ದಾಗ ನೀರನ್ನು ತಾಗುವ ವೇಗ ಗಂಟೆಗೆ 50 ಕಿಲೋಮೀಟರ್, ಇಪ್ಪತ್ತರಿಂದ ಬಿದ್ದಾಗ 71.

ಅಂಚು ಮತ್ತು ಹಾದಿ. ಇದಾದ ಮೇಲಷ್ಟೇ ಮೇಲಕ್ಕೆ ಹತ್ತಿ. ಅಂಚಿನಲ್ಲಿ ನೀರು ಯಾವ ಕಡೆಗೆ ಬಾಗಿ ಬೀಳುತ್ತದೆ, ಅಂಚಿಗೆ ತುಸು ಮುಂಚೆ ದೋಣಿಯನ್ನು ತಿರುಗಿಸುವ ಅಡ್ಡ ಅಲೆ ಇದೆಯೇ, ಕೊನೆಯ ಎಡ್ಡಿ ಎಲ್ಲಿದೆ ಎಂದು ನೋಡಿ. ಮೇಲಿನಿಂದ ಕಂಡ ಗುರುತು ನೀರಿನಲ್ಲಿ ಕೂತಾಗ ಕಾಣುವುದಿಲ್ಲ. ಆದ್ದರಿಂದ ಮಂಡಿಯೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಅಲ್ಲಿಂದ ಕಾಣುವ ಗುರುತನ್ನೇ ಆರಿಸಿಕೊಳ್ಳಿ. ಎದುರು ದಂಡೆಯ ಮರ, ಅಂಚಿನಲ್ಲಿ ಸದಾ ಏಳುವ ನೊರೆಯ ಗುಬುಟು, ಇಂಥದ್ದೇನಾದರೂ ಸಾಕು.

## ಹಂತ 7: ರಕ್ಷಣೆಯನ್ನು ಮೊದಲು ನಿಲ್ಲಿಸಿ

ಕೆಳಗೆ ಕನಿಷ್ಠ ಇಬ್ಬರು ಇರಬೇಕು. ಒಬ್ಬರು ಉಬ್ಬುರೇಖೆಯವರೆಗೆ ಹಗ್ಗ ತಲುಪುವ ಬಂಡೆಯ ಮೇಲೆ, ಮತ್ತೊಬ್ಬರು ಮಡುವಿನ ಆಚೆ ದೋಣಿಯಲ್ಲಿ. ಸೆಳೆತ ಬಲವಾಗಿದ್ದರೆ ಮೂರನೆಯವರು ರಕ್ಷಣಾ ಜಾಕೆಟ್ಟಿಗೆ ಹಗ್ಗ ಕಟ್ಟಿಕೊಂಡು ಧುಮುಕಲು ಸಿದ್ಧರಾಗಿರಬೇಕು, ಆ ಹಗ್ಗದ ಇನ್ನೊಂದು ತುದಿಯನ್ನು ಹಿಡಿಯಲು ನಾಲ್ಕನೆಯವರು ಬೇಕು. ಜನ ಸಾಲದಿದ್ದರೆ ಜಲಪಾತವನ್ನು ಬಿಡಬೇಕೇ ಹೊರತು ರಕ್ಷಣೆಯನ್ನು ಬಿಡಬಾರದು.

ಹಗ್ಗ ಹಿಡಿಯುವವರು ನಿಲ್ಲುವ ಬಂಡೆ ಪಾಚಿಗಟ್ಟಿದ್ದರೆ ಅವರೇ ಮೊದಲು ಜಾರಿ ಬೀಳುತ್ತಾರೆ. ಒಂದು ಸಲ ಎಸೆದು ಅಭ್ಯಾಸ ಮಾಡಿಸಿ, ಹಗ್ಗವನ್ನು ಮತ್ತೆ ಚೀಲಕ್ಕೆ ತುಂಬಿಸಿ. ಇಳಿದವರನ್ನು ಎಳೆದು ಯಾವ ದಂಡೆಗೆ ತರಬೇಕು ಎಂಬುದೂ ಮೊದಲೇ ತೀರ್ಮಾನವಾಗಿರಲಿ. ಮೊಬೈಲಿನಲ್ಲಿ ಚಿತ್ರೀಕರಿಸುವವರನ್ನು ರಕ್ಷಣೆಯ ಲೆಕ್ಕಕ್ಕೆ ಸೇರಿಸುವುದು ನಾನು ಅತಿ ಹೆಚ್ಚು ಕಂಡ ತಪ್ಪು. ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದವರು ಹಗ್ಗ ಎಸೆಯುವುದಿಲ್ಲ.

## ಹಂತ 8: ಇಳಿತ

ಬರುವಾಗ. ಕೊನೆಯ ಎಡ್ಡಿಯಲ್ಲಿ ನಿಂತು ಉಸಿರು ಸರಿಯಾಗುವವರೆಗೆ ಕಾಯಿರಿ. ಕೆಳಗಿನವರ ಹುಟ್ಟು ನೆಟ್ಟಗೆ ನಿಂತದ್ದು ಕಂಡ ಮೇಲೆ ಹೊರಡಿ. ಅಂಚಿಗೆ ಹೋಗುವಾಗ ಅತಿವೇಗ ಬೇಡ, ಸುಮ್ಮನೆ ತೇಲಿ ಹೋಗುವುದೂ ಬೇಡ. ಅಡ್ಡ ಅಲೆ ಮೂತಿಯನ್ನು ತಿರುಗಿಸದಷ್ಟು ಚಲನೆ ಇರಬೇಕು.

ಅಂಚಿನಲ್ಲಿ. ಕೊನೆಯ ಹುಟ್ಟೆಳೆತವೇ ದೋಣಿಯ ಕೋನವನ್ನು ನಿರ್ಧರಿಸುತ್ತದೆ. ತಗ್ಗಿನ ಧುಮುಕಿನಲ್ಲಿ, ನೊರೆ ತುಂಬಿದ ಮೆತ್ತನೆಯ ಮಡುವಿದ್ದು ಹಿಂದಕ್ಕೆಳೆಯುವ ಸೆಳೆತವಿದ್ದರೆ, ಅಂಚಿನಾಚೆಗೆ ಹುಟ್ಟು ನೆಟ್ಟು ಬಲವಾಗಿ ಎಳೆದು ಮೂತಿಯನ್ನು ಎತ್ತಿ ಹಿಡಿಯುವ ಬೂಫ್ ಸರಿ. ಎತ್ತರ 6 ಮೀಟರನ್ನು ದಾಟುತ್ತಿದ್ದಂತೆ ಚಪ್ಪಟೆಯಾಗಿ ಬೀಳುವುದು ಅಪಾಯಕಾರಿ, ಅದರಲ್ಲೂ ನೊರೆಯಿಲ್ಲದ ಹಸಿರು ನೀರಿನ ಮೇಲೆ. ಪೆಟ್ಟು ಆಸನದಿಂದ ನೇರವಾಗಿ ಬೆನ್ನುಮೂಳೆಗೆ ಏರಿ, ಎದೆಯ ಭಾಗ ಮುಗಿದು ಸೊಂಟದ ಭಾಗ ಶುರುವಾಗುವಲ್ಲಿ ಕಶೇರುವನ್ನು ಜಜ್ಜುತ್ತದೆ. ಆದ್ದರಿಂದ ಎತ್ತರದ ಜಲಪಾತದಲ್ಲಿ ಅಂಚಿನ ಎಳೆತವನ್ನು ಹಗುರವಾಗಿ, ದೀರ್ಘವಾಗಿ ಮಾಡಿ, ಮೂತಿ ನಿಧಾನವಾಗಿ ಬೀಳುವ ನೀರಿನ ಜೊತೆಗೇ ಬಾಗಲು ಬಿಡಬೇಕು.

ಎತ್ತರ ಕಡಿಮೆಯಿದ್ದರೆ ಅಪಾಯವೂ ಕಡಿಮೆ ಎಂದುಕೊಳ್ಳುವವರಿಗೆ ಒಂದು ನಿದರ್ಶನ: 2009ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸುಮಾರು 57 ಮೀಟರಿನ ಪಲೂಸ್ ಜಲಪಾತವನ್ನು ಕಯಾಕ್‌ನಲ್ಲಿ ಇಳಿದ ಟೈಲರ್ ಬ್ರಾಟ್, 2011ರಲ್ಲಿ ಒರೆಗಾನ್‌ನ ಅಬಿಕ್ವಾ ಜಲಪಾತದಲ್ಲಿ ಬೆನ್ನುಮೂಳೆ ಮುರಿದುಕೊಂಡರು. ಅದರ ಎತ್ತರ ಪಲೂಸ್‌ನ ಅರ್ಧದಷ್ಟು.

ಗಾಳಿಯಲ್ಲಿ. ಕಣ್ಣು ಬೀಳುವ ಜಾಗದ ಮೇಲಿರಲಿ. ನೀರು ತಾಗುವ ಮುನ್ನ ಸೊಂಟದಿಂದ ಮುಂದಕ್ಕೆ ಬಾಗಿ, ಎದೆಯನ್ನು ದೋಣಿಗೆ ಒತ್ತಿ, ಗಲ್ಲವನ್ನು ಒಳಕ್ಕೆ ಎಳೆದುಕೊಳ್ಳಿ. ಹುಟ್ಟನ್ನು ದೋಣಿಯ ಒಂದು ಬದಿಗೆ, ದೋಣಿಯ ಉದ್ದಕ್ಕೆ ಸಮಾನಾಂತರವಾಗಿ ಇಳಿಸಿ, ಮುಖವನ್ನು ಅದರಿಂದ ಆಚೆಗೆ ತಿರುಗಿಸಿ. ಹುಟ್ಟನ್ನು ಮುಖದ ಮುಂದೆ ಅಡ್ಡಲಾಗಿ ಹಿಡಿದವರ ಮೂಗು, ಹಲ್ಲು ಉಳಿಯುವುದಿಲ್ಲ. ಮೇಲಕ್ಕೆತ್ತಿ ಹಿಡಿದವರ ಭುಜದ ಕೀಲು ತಪ್ಪುತ್ತದೆ. ಭಯವಾದಾಗ ದೇಹ ತಾನಾಗಿ ಹಿಂದಕ್ಕೆ ಒರಗುತ್ತದೆ, ಹಾಗೆ ಒರಗಿದರೆ ಮೂತಿ ಮೇಲೆದ್ದು ದೋಣಿ ಚಪ್ಪಟೆಯಾಗಿ ಬೀಳುತ್ತದೆ. ಸಣ್ಣ ಧುಮುಕುಗಳಲ್ಲಿ ನೂರು ಸಲ ಮುಂದಕ್ಕೆ ಬಾಗಿ ಅಭ್ಯಾಸ ಮಾಡಬೇಕಾದದ್ದು ಇದಕ್ಕಾಗಿಯೇ.

ನೀರೊಳಗೆ. ಬಾಗಿದ ಭಂಗಿಯನ್ನು ತಕ್ಷಣ ಬಿಡಬೇಡಿ. ದೋಣಿ ಆಳಕ್ಕೆ ಹೋಗಿ, ಎಳೆದಾಡಿಸಿಕೊಂಡು, ಮೇಲೇಳುವವರೆಗೆ ಹಾಗೆಯೇ ಇರಿ. ಮುಖಕ್ಕೆ ಬೆಳಕು ತಾಗಿದ ಮೇಲೆ ಅಥವಾ ಎಳೆದಾಟ ನಿಂತ ಮೇಲೆ ರೋಲ್ ಮಾಡಿ, ತಲೆ ಮೇಲೆ ಬಂದ ಕೂಡಲೇ ಉಬ್ಬುರೇಖೆಯ ಆಚೆಗೆ ಹುಟ್ಟು ಹಾಕಿ.

## ಹಂತ 9: ಎಡವಟ್ಟಾದಾಗ

ಸೆಳೆತ ಪರದೆಯ ಕಡೆಗೆ ಎಳೆದರೆ ಎದುರಾಗಿ ಗುದ್ದಾಡಿ ಬಲ ಕಳೆದುಕೊಳ್ಳಬೇಡಿ, ಬದಿಗೆ ಸರಿಯಿರಿ. ಸಾಮಾನ್ಯವಾಗಿ ಹೊರಹೋಗುವ ನೀರು ಅಂಚುಗಳಲ್ಲಿ ಸಿಗುತ್ತದೆ. ಪರದೆಯ ಹಿಂದಿನ ಪೊಟರೆಗೆ ಸಿಕ್ಕಿದವರು, ಉಸಿರಾಡಲು ಜಾಗವಿದ್ದರೆ, ದೋಣಿಯಲ್ಲೇ ಕೂತು ಹಗ್ಗಕ್ಕೆ ಕಾಯುವುದು ಒಳ್ಳೆಯದು. ದೋಣಿ ಬಿಟ್ಟು ಈಜುವಾಗ ಕಾಲನ್ನು ನೀರಿನ ಮೇಲ್ಮಟ್ಟದಲ್ಲಿರಿಸಿ. ಹರಿವಿನಲ್ಲಿ ಎದ್ದು ನಿಲ್ಲಲು ಹೋದರೆ ಪಾದ ಬಂಡೆಗಳ ಸಂದಿಗೆ ಸಿಕ್ಕಿ, ನೀರು ದೇಹವನ್ನು ಮುಂದಕ್ಕೆ ಕೆಡವಿ ಮುಳುಗಿಸುತ್ತದೆ.

ಇಳಿದವರು ಬೆನ್ನು ನೋವೆಂದರೆ, ನಡೆಯಬಲ್ಲೆನೆಂದು ಅವರು ಹೇಳಿದರೂ ನಡೆಸಬೇಡಿ. ಕಾಲಲ್ಲಿ ಜೋಮು, ಸೊಂಟದ ಮೇಲೆ ಒತ್ತಿದಾಗ ನೋವು, ಮೂತ್ರಕ್ಕೆ ತಡೆ, ಇವು ಬೆನ್ನುಮೂಳೆಗೆ ಅಥವಾ ಬೆನ್ನುಹುರಿಗೆ ಪೆಟ್ಟಾಗಿರುವ ಸೂಚನೆಗಳು. ನೀರು ಕುಡಿದು ಕೆಮ್ಮುತ್ತಿರುವವರ ಉಸಿರಾಟ ಗಂಟೆಗಳ ನಂತರವೂ ಹದಗೆಡಬಹುದಾದ್ದರಿಂದ ಅವರನ್ನೂ ವೈದ್ಯರಿಗೆ ತೋರಿಸಬೇಕು. ಚಿಲಿಯಲ್ಲಿ ಆಂಬುಲೆನ್ಸ್ 131, ಅಗ್ನಿಶಾಮಕ ದಳ 132, ಕಾರಾಬಿನೇರೊಸ್ ಎಂಬ ಪೊಲೀಸರು 133. ಕರೆ ಮಾಡುವಾಗ ಸ್ಪ್ಯಾನಿಷ್ ಮಾತು ಕೆಲವಾದರೂ ಬೇಕು: ‘ಅಯುದಾ’ ಎಂದರೆ ಸಹಾಯ, ‘ಎಸ್ಪಾಲ್ದಾ’ ಎಂದರೆ ಬೆನ್ನು, ‘ಸಾಲ್ತೊ’ ಎಂದರೆ ಜಲಪಾತ, ‘ಕ್ವೆರ್ದಾ’ ಎಂದರೆ ಹಗ್ಗ.

## ಅಂದು ಇಳಿಯಲೇಬಾರದೆಂಬ ಸೂಚನೆಗಳು

ಬೆಳಗಿನ ಗುರುತಿನ ಬಂಡೆ ಈಗ ಮುಳುಗಿದೆ. ನೀರು ಕಂದು ಬಣ್ಣಕ್ಕೆ ತಿರುಗಿದೆ ಅಥವಾ ಕೊಂಬೆಗಳು ತೇಲಿಬರುತ್ತಿವೆ. ಬಿಟ್ಟ ಕೋಲು ಹೊರಬರಲಿಲ್ಲ. ತಂಡದಲ್ಲಿ ಯಾರೋ ಒಬ್ಬರು ಮೌನವಾಗಿದ್ದಾರೆ, ಆದರೆ ಬೇಡ ಎಂದು ಬಾಯಿಬಿಟ್ಟು ಹೇಳುತ್ತಿಲ್ಲ. ಇಳಿಯುವ ದಾರಿಯನ್ನು ಎರಡು ವಾಕ್ಯಗಳಲ್ಲಿ ಹೇಳಲು ನಿಮಗೆ ಆಗುತ್ತಿಲ್ಲ. ಮೂರನೆಯ ಸಲ ಮತ್ತೆ ಅಂಚಿಗೆ ನೋಡಲು ಹೊರಟಿದ್ದೀರಿ. ಇವುಗಳಲ್ಲಿ ಯಾವುದೇ ಒಂದು ಇದ್ದರೂ ದೋಣಿಯನ್ನು ಹೆಗಲಿಗೇರಿಸಿ.

## ಹಂತ 10: ಹೊಳೆ ಬದಲಿಸುವ ಮುನ್ನ

ಪಾಲ್ಗಿನ್‌ನಿಂದ ಫೂಯಿಗೆ ಅಥವಾ ಬೇರಾವುದೇ ಹೊಳೆಗೆ ಹೋಗುವ ಮೊದಲು ಸಾಮಗ್ರಿಯನ್ನೆಲ್ಲ ಸ್ವಚ್ಛಗೊಳಿಸುವುದು ಚಿಲಿಯಲ್ಲಿ ಕಡ್ಡಾಯ. ಮೊದಲು ಮೆತ್ತಿದ ಮಣ್ಣು, ಪಾಚಿಯನ್ನು ಹೊಳೆಯ ದಂಡೆಯಲ್ಲೇ ಕಿತ್ತು ತೆಗೆಯಿರಿ. ಬಳಿಕ ಪಾತ್ರೆ ತೊಳೆಯುವ ಸೋಪಿನ 5 ಪ್ರತಿಶತ ದ್ರಾವಣದಲ್ಲಿ ತೊಳೆದು, ಪೂರ್ತಿ ಒಣಗಿಸಿ. ದೋಣಿಯ ಒಳಗಿನ ಫೋಮ್, ಹಗ್ಗದ ಚೀಲದ ತಳ, ಬೂಟಿನ ಅಟ್ಟೆ ಇವು ನೀರನ್ನು ಹಿಡಿದಿಟ್ಟುಕೊಳ್ಳುವ ಜಾಗಗಳು, ಜನ ಮರೆಯುವುದೂ ಇವನ್ನೇ. ಹಗ್ಗವನ್ನು ಚೀಲದಿಂದ ಪೂರ್ತಿ ಹೊರಗೆಳೆದು ನೆರಳಲ್ಲಿ ಹರಡಿ, ಒಣಗಿದ ಮೇಲೆ ಇಡಿಯ ಉದ್ದಕ್ಕೂ ಬೆರಳಾಡಿಸಿ ಸವೆತ ಪರೀಕ್ಷಿಸಿ, ಆಮೇಲೆ ಮತ್ತೆ ತುಂಬಿಸಿಡಿ.